ಹಸಿ ಕಸವೋ, ಒಣ ಕಸವೋ

ಕಳೆದ ಬೇಸಿಗೆಯಲ್ಲಿ ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಮನೆಯಲ್ಲಿ ಹ್ಯಾಮ್‌ಸ್ಟರ್ ಸತ್ತಿತು. ಹೆಸರು ಕಡ್ಲೆ. ಎರಡು ವರ್ಷ ದಾಟಿ ನಾಲ್ಕು ತಿಂಗಳಾಗಿತ್ತು. ಆ ಜಾತಿಗೆ ಅದು ತುಂಬು ಆಯಸ್ಸೇ. ಒಂಬತ್ತು ವರ್ಷದ ಹುಡುಗಿ ಬೆಳಗಿನಿಂದ ತಿಂಡಿ ಮುಟ್ಟಿರಲಿಲ್ಲ. ಬಂದಿದ್ದ ಸೋದರಮಾವ ಸಮಾಧಾನ ಮಾಡಿದರು: "ಇಲಿ ಸತ್ತಿದ್ದಕ್ಕೆ ಯಾರಾದ್ರೂ ಹೀಗೆ ಅಳ್ತಾರೇನೇ ಪುಟ್ಟಿ? ಸಂಜೆ ಅಂಗಡಿಗೆ ಹೋಗೋಣ, ಇಂಥದ್ದೇ ಇನ್ನೊಂದು ತರೋಣ." ಆಮೇಲೆ ದೊಡ್ಡವರ ಕಡೆ ತಿರುಗಿ, ಕಸದ ಗಾಡಿ ಬರೋ ಹೊತ್ತಾಯ್ತು ಎಂದು ತಗ್ಗಿದ ದನಿಯಲ್ಲಿ ನೆನಪಿಸಿದರು. ಹುಡುಗಿಗೆ ಅದೂ ಕೇಳಿಸಿತು. ಅವಳು ಕೇಳಿದ್ದು ಇಷ್ಟೇ: "ಹಸಿ ಕಸಕ್ಕೆ ಹಾಕ್ತೀರಾ ಮಾಮ, ಒಣ ಕಸಕ್ಕಾ?"

ದೇಶದ ಅತಿ ಸ್ವಚ್ಛ ನಗರವೆಂದು ಎರಡು ಸಲ ಹೆಸರು ಪಡೆದ ಊರಿನ ಮಗು. ಶಾಲೆಯಲ್ಲಿ ಹೇಳಿಕೊಟ್ಟದ್ದನ್ನೇ ಕೇಳಿತ್ತು. ಯಾರೂ ಉತ್ತರ ಕೊಡಲಿಲ್ಲ.

ಸೋದರಮಾವ ಕೆಟ್ಟವರಲ್ಲ. ಆದರೆ ಅವರ ಸಮಾಧಾನದ ಮಾತಿನೊಳಗೆ ಎರಡು ತೀರ್ಮಾನಗಳು ಕೂತಿವೆ. ಸತ್ತದ್ದು ಎಷ್ಟು ದೊಡ್ಡದೋ ಅಷ್ಟಕ್ಕೇ ಅಳಬೇಕು ಎನ್ನುವುದು ಒಂದು. ಬದಲಿ ಸಿಗುವುದಾದರೆ ಅದು ನಷ್ಟವೇ ಅಲ್ಲ ಎನ್ನುವುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದು ಬರೀ ರೂಢಿಯ ತಪ್ಪು. ಎರಡನೆಯದು ಮಾತ್ರ ಅಪಾಯದ್ದು, ಯಾಕೆಂದರೆ ಮಗು ಅದನ್ನು ಕಲಿತುಬಿಡುತ್ತದೆ.

'ಇಲಿ' ಎಂಬ ಮಾತಿನ ಹಿಂದಿನ ಅಸಹ್ಯಕ್ಕೆ ಈ ಊರಿನಲ್ಲಿ ಒಂದು ಚರಿತ್ರೆಯೇ ಇದೆ, ಅದನ್ನು ಒಪ್ಪಬೇಕು. 1898ರಲ್ಲಿ ಮೈಸೂರಿಗೆ ಪ್ಲೇಗು ಬಂತು. ಮನೆಯಲ್ಲಿ 'ಇಲಿ ಬಿತ್ತು' ಎಂದರೆ ಪಾತ್ರೆ ಪಡಗ ಕಟ್ಟಿಕೊಂಡು ಊರಾಚೆ ಗುಡಿಸಲು ಹಾಕುವ ಕಾಲ ಅದು. ಅನಂತಮೂರ್ತಿಯವರ 'ಸಂಸ್ಕಾರ'ದ ಅಗ್ರಹಾರದಲ್ಲಿ ಇಲಿಗಳು ಬೀಳುವುದನ್ನು ಓದಿದವರಿಗೆ ಆ ಎರಡು ಪದಗಳ ಭಾರ ಗೊತ್ತು. ಕೋಟೆಯೊಳಗಿನ ಇಕ್ಕಟ್ಟು ಬೀದಿಗಳಿಂದ ಜನರನ್ನು ಹೊರಗೆ ತರಲು 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಅಗಲ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇರುವ ಹೊಸ ಬಡಾವಣೆಗಳು ಎದ್ದವು. 1901ರಿಂದ 1906ರವರೆಗೆ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿಯವರ ಹೆಸರಿನ ಈ ಬಡಾವಣೆಯೂ ಆ ಕಾಲದ್ದೇ. ಅಂದರೆ ಇಲಿಗೆ ಹೆದರಿದ ಊರು ಕಟ್ಟಿಕೊಂಡ ಬೀದಿಯಲ್ಲಿ, ನೂರು ವರ್ಷ ಕಳೆದ ಮೇಲೆ, ಇಲಿಯ ದೂರದ ದಾಯಾದಿಯೊಂದಕ್ಕೆ ಮಗು ಅಳುತ್ತಿದೆ. ಮನೆಯ ಅಜ್ಜಿ ಎರಡು ವರ್ಷವೂ ಪಂಜರದ ಹತ್ತಿರ ಸುಳಿಯದಿದ್ದರೆ ತಪ್ಪು ಹೇಳುವ ಹಾಗಿಲ್ಲ.

ಆದರೆ ಗಾತ್ರದ ವಾದ ನಿಲ್ಲುವುದಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಸೆಣಸಿ ದಸರಾ ಆನೆ ಅರ್ಜುನ ಸತ್ತಾಗ ಮೈಸೂರು ಮನೆಮಂದಿಯನ್ನೇ ಕಳೆದುಕೊಂಡಂತೆ ಅತ್ತಿತು. 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತವನು. ಮಾವುತ ಆ ದೇಹಕ್ಕೊರಗಿ ಅತ್ತದ್ದನ್ನು ನಾಡೆಲ್ಲ ಟಿವಿಯಲ್ಲಿ ಕಂಡಿತು. ಆದರೆ ಆ ಅಳುವಿನಲ್ಲಿ ಎರಡು ಬಗೆ ಇತ್ತು. ನಾಡು ಅತ್ತದ್ದು 750 ಕಿಲೋ ಅಂಬಾರಿಗಾಗಿ. ಮಾವುತ ಅತ್ತದ್ದು ದಿನಾ ಬೆಳಿಗ್ಗೆ ತಾನು ಮೈತೊಳೆಸುತ್ತಿದ್ದ ಪ್ರಾಣಿಗಾಗಿ. ಕೃಷ್ಣಮೂರ್ತಿಪುರಂನ ಹುಡುಗಿಯ ದುಃಖ ಮಾವುತನ ಜಾತಿಯದು, ತೂಕ 150 ಗ್ರಾಂ ಇದ್ದರೂ.

ಹಳ್ಳಿಯ ಕಡೆ ಕೋತಿ ಸತ್ತರೆ ತಮಟೆ ಹೊಡೆಸಿ ಮೆರವಣಿಗೆ ಮಾಡುತ್ತಾರೆ, ಹನ್ನೊಂದನೇ ದಿನ ತಿಥಿ ಮಾಡಿ ಊರಿಗೆ ಊಟ ಹಾಕುತ್ತಾರೆ. ಕೋತಿಗೆ ಆಂಜನೇಯನ ನಂಟಿದೆ. ಬಸವನಿಗೆ ಶಿವನದು. ಇಲಿಗೂ ಗಣಪತಿಯ ನಂಟಿದೆಯಲ್ಲ ಎಂದರೆ ಜನ ನಕ್ಕುಬಿಡುತ್ತಾರೆ. ಚೌತಿಯ ದಿನ ಮೂಷಿಕನಿಗೂ ಹೂವೇರಿಸಿದ ಕೈಯೇ ಮರುದಿನ ಪಾಷಾಣ ಇಡುತ್ತದೆ. ನಾಯಿಗೆ ಇತ್ತೀಚೆಗೆ ರಿಯಾಯಿತಿ ಸಿಕ್ಕಿದೆ. 2022ರಲ್ಲಿ '777 ಚಾರ್ಲಿ' ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತಮ್ಮ ಮನೆಯ ನಾಯಿಯನ್ನು ನೆನೆದು ಕ್ಯಾಮೆರಾಗಳೆದುರೇ ಕಣ್ಣೀರಿಟ್ಟರು. ಬೆಂಗಳೂರಿನ ಕೆಂಗೇರಿಯಲ್ಲಿ ಸಾಕುಪ್ರಾಣಿಗಳಿಗೆಂದೇ ಸ್ಮಶಾನವಿದೆ, ಅಮೃತಶಿಲೆಯ ಫಲಕಗಳಿವೆ. ಅಂದರೆ ಪಟ್ಟಿ ಬೆಳೆಯುತ್ತಾ ಬಂದಿದೆ. ಯಾರ ಸಾವಿಗೆ ಅಳಬಹುದು ಎನ್ನುವುದನ್ನು ಸಮಾಜ ಠರಾಯಿಸುತ್ತದೆ, ಪಟ್ಟಿಯಿಂದ ಹೊರಗುಳಿದವರ ದುಃಖಕ್ಕೆ ಮಾನ್ಯತೆಯೇ ಇರುವುದಿಲ್ಲ ಎಂದು ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಪುಸ್ತಕವನ್ನೇ ತಂದರು. ಕನ್ನಡ ನಾಡಿನಲ್ಲಿ ಈ ಪಟ್ಟಿಯನ್ನು ಹರಿದುಹಾಕಿದವನೊಬ್ಬ ಅದಕ್ಕೂ ಸಾವಿರ ವರ್ಷ ಮೊದಲೇ ಇದ್ದ.

ಮದ್ದೂರು ತಾಲ್ಲೂಕಿನ ಆತಕೂರು. ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದಿದ್ದಾನೆ. ಗೆದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣ ತನ್ನ ಕಡೆಯ ಗಂಗ ದೊರೆ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರದಂಥ ಸೀಮೆಗಳನ್ನೇ ಕೊಟ್ಟಿದ್ದಾನೆ. ಬೂತುಗನ ಬಂಟ ಮಣಲೇರ ಆ ಯುದ್ಧದಲ್ಲಿ ಮುಂದೆ ನಿಂತು ಕಾದಿದವನು. ಒಡೆಯ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಬೂತುಗನ ನಾಯಿ 'ಕಾಳಿ'ಯನ್ನು ಕೇಳಿದ. ಸೀಮೆಗಳು ಕೈಯಿಂದ ಕೈಗೆ ಹೋಗುತ್ತಿದ್ದ ಹೊತ್ತಿನಲ್ಲಿ ಒಬ್ಬ ಯೋಧ ನಾಯಿ ಕೇಳುತ್ತಾನೆ! ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿ, ಹಂದಿ ಎರಡೂ ಒಟ್ಟಿಗೇ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಆ ಕಲ್ಲಿನ ಪೂಜೆಗೆ ಕೆರೆಯ ಕೆಳಗೆ ಎರಡು ಕಂಡುಗ ಗದ್ದೆ ಬಿಟ್ಟ. ಪೂಜೆ ಮಾಡದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದು ಷರತ್ತನ್ನೂ ಕೆತ್ತಿಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಆಸ್ತಿ. ಮೇಲೆ ನಾಯಿ ಹಂದಿಯ ಮೇಲೆರಗಿದ ಚಿತ್ರವಿದೆ. ಚೋಳ–ರಾಷ್ಟ್ರಕೂಟರ ಯುದ್ಧಕ್ಕೆ ದೊಡ್ಡ ಸಾಕ್ಷಿಯೆಂದು ಇತಿಹಾಸಕಾರರು ಓದುವ ಶಾಸನ ನಿಜಕ್ಕೂ ಒಂದು ನಾಯಿಯ ಕಲ್ಲು; ರಾಜರು ಅದರಲ್ಲಿ ಸಂದರ್ಭವಾಗಿ ಬರುತ್ತಾರೆ ಅಷ್ಟೆ.

ಆ ಕಲ್ಲಿನಲ್ಲಿ ಗಮನಿಸಬೇಕಾದ್ದು ಕಣ್ಣೀರಲ್ಲ, ವಿವರ. ಯಾವ ಬೆಟ್ಟ, ಯಾವ ದಿಕ್ಕು, ಎದುರಾಳಿ ಯಾರು, ಕೊನೆಗೆ ಏನಾಯಿತು. ಸತ್ತ ಮುದ್ದುಪ್ರಾಣಿಗಳೆಲ್ಲ ಕಾಮನಬಿಲ್ಲಿನ ಸೇತುವೆಯ ಬಳಿ ಒಡೆಯನಿಗಾಗಿ ಕಾಯುತ್ತಿರುತ್ತವೆ ಎಂದು ಮೊಬೈಲಿನಲ್ಲಿ ಓಡಾಡುವ ಆಮದು ಸಾಂತ್ವನದಲ್ಲಿ ಇಲ್ಲದ್ದು ಇದೇ: ಅದರಲ್ಲಿ ಯಾವ ಪ್ರಾಣಿಯ ಹೆಸರು ಹಾಕಿದರೂ ನಡೆಯುತ್ತದೆ.

ಇಂಥ ಶೋಕಕ್ಕೆ ಬರುವ ಆಕ್ಷೇಪಗಳಲ್ಲಿ ಎರಡಕ್ಕೆ ತಲೆಬಾಗಬೇಕು. ಒಂದು, 2021ರಲ್ಲಿ ಅಪ್ಪನನ್ನೋ ಅಮ್ಮನನ್ನೋ ಕೊರೊನಾಕ್ಕೆ ಕಳೆದುಕೊಂಡು, ಮುಖ ನೋಡಲೂ ಆಗದೆ, ಹಾಲು–ತುಪ್ಪವೂ ಇಲ್ಲದೆ ಬೂದಿಯ ಗಡಿಗೆ ಮಾತ್ರ ಕೈಗೆ ಬಂದವರದು. ಅವರ ಮುಂದೆ ಹ್ಯಾಮ್‌ಸ್ಟರ್‌ನ ಶೋಕ ಎಂದರೆ ಸಿಟ್ಟು ಬರುವುದು ಸಹಜ. ಆದರೆ ಕಳುಹಿಸಿಕೊಡಲು ಬಿಡದಿದ್ದರೆ ದುಃಖ ಹೇಗೆ ಗಂಟಲಲ್ಲೇ ಉಳಿಯುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆ ಮನೆಯಲ್ಲಿ ಹುಡುಗಿಯ ಪರವಾಗಿ ಮೊದಲು ಬಾಯಿಬಿಟ್ಟದ್ದು ಅಜ್ಜಿ. ಆ ಕೊರೊನಾ ವರ್ಷ ಅವರು ತಮ್ಮನನ್ನು ಕಳೆದುಕೊಂಡಿದ್ದರು.

ಎರಡನೆಯ ಆಕ್ಷೇಪ ಇನ್ನೂ ಚುಚ್ಚುತ್ತದೆ. ಬದುಕಿದ್ದಾಗ ಪಂಜರ, ಸತ್ತ ಮೇಲೆ ಕಣ್ಣೀರು. ಇದು ಯಾವ ನ್ಯಾಯ? 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೋ ಬಳಿಯ ಹೊಲವೊಂದನ್ನು ಅಗೆಸಿ ಒಂದು ತಾಯಿ, ಹನ್ನೊಂದು ಮರಿಗಳನ್ನು ಹಿಡಿದು ಜೆರುಸಲೇಮಿಗೆ ಒಯ್ದ. ಕಾಲಾ ಅಜಾರ್ ರೋಗದ ಸಂಶೋಧನೆಗೆ ಅವು ಬೇಕಾಗಿದ್ದವು. ಇಂದು ಲೋಕದ ಮನೆಮನೆಯಲ್ಲಿರುವ ಬಂಗಾರಬಣ್ಣದ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಡಿಮೆ ಎಲ್ಲವೂ ಆ ಒಂದು ಸೂಲಿನ ಸಂತತಿ. ಇನ್ನೊಂದು ಜಾತಿಯಾದ ಚೀನಾದ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ 1957ರಲ್ಲಿ ತೆಗೆದ ಜೀವಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ತಯಾರಾಗುವುದು ಅವುಗಳಲ್ಲೇ. ಯಾರ ಅತ್ತೆಯೋ ಯಾರ ಅಕ್ಕನೋ ಉಳಿದಿದ್ದಾರೆ. ಆ ಪ್ರಾಣಿಗಳಿಗೆ ಒಂದು ಕಲ್ಲೂ ಇಲ್ಲ.

ಹ್ಯಾಮ್‌ಸ್ಟರ್ ಒಂಟಿಯಾಗಿ ಬಿಲ ತೋಡಿ ಇರುವ, ರಾತ್ರಿ ಓಡಾಡುವ ಪ್ರಾಣಿ. ಸ್ವಿಟ್ಜರ್‌ಲ್ಯಾಂಡಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅವುಗಳ ಗೂಡಿನಲ್ಲಿ 10, 40, 80 ಸೆಂಟಿಮೀಟರ್ ಆಳಕ್ಕೆ ಹಾಸು ತುಂಬಿ ನೋಡಿತು: ಬರೀ 10 ಸೆಂಟಿಮೀಟರ್ ಸಿಕ್ಕವು ಸರಳುಗಳನ್ನು ಹೆಚ್ಚು ಕಡಿಯುತ್ತಿದ್ದವು. ಕಡ್ಲೆಯೂ ಸರಳು ಕಡಿಯುತ್ತಿತ್ತು. ಮನೆಯವರು ಅದನ್ನು ತುಂಟತನ ಎಂದುಕೊಂಡಿದ್ದರು. ಆದ್ದರಿಂದ ಪಂಜರದ ಆಕ್ಷೇಪ ನಿಜ. ಆದರೆ ಅದು ಅಳುವುದರ ವಿರುದ್ಧದ ವಾದವಲ್ಲ, ಇನ್ನೊಂದು ತರೋಣ ಎನ್ನುವುದರ ವಿರುದ್ಧದ ವಾದ. ಸತ್ತ ದಿನ ಸಂಜೆಯೇ ಹೊಸದು ಬಂದರೆ, ಹಳೆಯದು ಯಾಕೆ ಸರಳು ಕಡಿಯಿತು ಎಂದು ಕೇಳಲು ಹೊತ್ತೇ ಸಿಗುವುದಿಲ್ಲ. ಅಂಗಡಿಯವನಿಗೆ ಬೇಕಾದ್ದೂ ಅದೇ.

ಕಡ್ಲೆ ಕೊನೆಗೆ ಯಾವ ಕಸಕ್ಕೂ ಹೋಗಲಿಲ್ಲ. ಕಾಂಪೌಂಡಿನ ದಾಸವಾಳದ ಬುಡದಲ್ಲಿ, ಬೆಕ್ಕು ಕೆದಕದ ಹಾಗೆ ಎರಡಡಿ ಗುಂಡಿ ತೆಗೆದು, ಬೆಂಕಿಪೊಟ್ಟಣದ ದೊಡ್ಡ ಡಬ್ಬಿಯಲ್ಲಿ ಹತ್ತಿ ಹಾಸಿ ಮಣ್ಣು ಮಾಡಿದರು. ಗುಂಡಿ ತೋಡಿದ್ದು ಸೋದರಮಾವನೇ. ಪಂಜರ ತೊಳೆಯಲು ಹೋದಾಗ ಮೂಲೆಯ ಕಾಗದದ ಚೂರುಗಳ ಅಡಿಯಲ್ಲಿ ಕೂಡಿಟ್ಟ ದಾಸ್ತಾನು ಸಿಕ್ಕಿತು: ಸೂರ್ಯಕಾಂತಿ ಬೀಜ, ಒಣಗಿದ ಕ್ಯಾರೆಟ್ ತುಂಡು, ಎರಡು ಇಡೀ ಅವರೆಕಾಳು. ಅವರೆಕಾಳು ಕೊಟ್ಟವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಮಾತಾಡಲಿಲ್ಲ.

ಹುಡುಗಿ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದಾಳೆ. ಹೆಸರು, ಬಂದ ದಿನ, ಹೋದ ದಿನ. ಮೊದಲು ಎಡಗೆನ್ನೆ ತುಂಬಿಸಿಕೊಂಡು ಆಮೇಲೆ ಬಲಗೆನ್ನೆ. ಪಪ್ಪಾಯಿ ಇಷ್ಟ, ಸೌತೆಕಾಯಿ ಮೂಸಿ ಬಿಡುತ್ತಿತ್ತು. ಸರಳು ಕಡಿಯುತ್ತಿತ್ತು, ಮಣ್ಣು ಬೇಕಿತ್ತು ಅಂತ ನಮಗೆ ಗೊತ್ತಿರಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ರಾತ್ರಿಯೆಲ್ಲ ಆ ಚಕ್ರ ಕಿರ್ ಕಿರ್ ಅಂತ ತಿರುಗಿಸಿ ನನ್ನ ನಿದ್ದೆ ಕೆಡಿಸ್ತಿತ್ತು. ಅದನ್ನೂ ಬರಿ" ಎಂದರು.