ಹಲಾಲ್ ಸಂಶೋಧನೆ ಬೇಡವೆನ್ನುವವರಿಗೆ

ಹಲಾಲ್ ನಂಬಿಕೆಯ ವಿಷಯ, ಅದರ ಸಂಶೋಧನೆಗೆ ವಿಶ್ವವಿದ್ಯಾಲಯಗಳು ಹಣ ಸುರಿಯುವುದು ವಿಜ್ಞಾನಕ್ಕೆ ಬಗೆದ ದ್ರೋಹ ಎಂಬ ವಾದ ಮತ್ತೆ ಅಚ್ಚಾಗಿದೆ. ಈ ವಾದ ತಪ್ಪು.

ವಿಜ್ಞಾನ ಇಲ್ಲಿ ನಂಬಿಕೆಯನ್ನು ಸಮರ್ಥಿಸಲು ಹೊರಟಿಲ್ಲ, ಅಳೆಯಬಹುದಾದದ್ದನ್ನು ಅಳೆಯುತ್ತಿದೆ. ಔಷಧದ ಕ್ಯಾಪ್ಸೂಲ್‌ಗಳ ಕವಚ ಬಹುಪಾಲು ಜೆಲಟಿನ್. ಅದು ದನದ್ದೋ ಹಂದಿಯದ್ದೋ ಕಣ್ಣಿಗೆ ತಿಳಿಯದು. ಅದರಲ್ಲಿ ಉಳಿದ ಡಿಎನ್‌ಎ ತುಣುಕನ್ನು ಪಿಸಿಆರ್ ವಿಧಾನದಿಂದ ಲಕ್ಷಾಂತರ ಪಟ್ಟು ಹೆಚ್ಚಿಸಿದರೆ ಪ್ರಾಣಿ ಯಾವುದೆಂದು ಪತ್ತೆಯಾಗುತ್ತದೆ. ಕುರಿ ಮಾಂಸವೆಂದು ನಂಬಿ ಬೇರೇನೋ ಕೊಂಡ ಗಿರಾಕಿಗೂ ಇದೇ ಪರೀಕ್ಷೆ ಬೇಕು.

ನಂಬುವವರಿಗೆ ಹಿತವಾಗದ ಉತ್ತರವೂ ಬಂದಿದೆ. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ತಂಡ 2009ರಲ್ಲಿ ಕರುಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, ಪ್ರಜ್ಞೆ ತಪ್ಪಿಸದೆ ಕುತ್ತಿಗೆ ಕೊಯ್ದರೆ ನೋವಾಗುತ್ತದೆ ಎಂದು ತೋರಿಸಿತು. ಅದೇ ದೇಶದ ಹಲಾಲ್ ಕಸಾಯಿಖಾನೆಗಳಲ್ಲಿ, ಕೊಲ್ಲದಷ್ಟು ವಿದ್ಯುತ್ ಹಾಯಿಸಿ ಪ್ರಾಣಿಯ ಪ್ರಜ್ಞೆ ತಪ್ಪಿಸಿದ ಮೇಲೆಯೇ ಕೊಯ್ಯುತ್ತಾರೆ. ಆ ಮಾಂಸ ಮುಸ್ಲಿಂ ದೇಶಗಳಿಗೂ ಹೋಗುತ್ತದೆ.

2022ರ ಯುಗಾದಿ, ಹೊಸತೊಡಕಿನ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್ ಜಗಳ ಎದ್ದಾಗ ಘೋಷಣೆಗಳು ಮೊಳಗಿದವು, ಪ್ರಾಣಿಯ ನೋವಿನ ಮಾತು ಹಿಂದೆ ಸರಿಯಿತು.

ಈ ವಿಷಯ ನಮ್ಮ ಕುರಿಗಾರರಿಗೂ ಸಂಬಂಧಿಸಿದ್ದು. ಮಾಂಸಕ್ಕೆಂದೇ ಸಾಕುವ ಕೆಂಗುರಿ ರಾಯಚೂರು ಸೀಮೆಯ ತಳಿ. ದೇವದುರ್ಗ, ಮಾನ್ವಿಯ ಕುರಿಗಾರರ ಬದುಕು ಮಾಂಸದ ಮಾರುಕಟ್ಟೆಗೆ ಅಂಟಿಕೊಂಡಿದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಕೈಜೋಡಿಸಿ ವಧೆಯ ನೋವು, ಶುಚಿತ್ವ, ಮಾಂಸದ ಗುಣಮಟ್ಟ ಮೂರನ್ನೂ ಇಲ್ಲಿಯೇ ಅಧ್ಯಯನ ಮಾಡಲಿ, ಫಲಿತಾಂಶ ಯಾರಿಗೆ ಕಹಿಯಾದರೂ ಕನ್ನಡದಲ್ಲಿ ಪ್ರಕಟಿಸಲಿ.