ಬೆಕ್ಕಿಗೆ ಕಂಬ ಬೇಕೆ, ಮರ ಸಾಕೆ?

ಮಂಗಳೂರಿನ ಕುಲಶೇಖರದ ಹಂಚಿನ ಮನೆಯೊಂದಕ್ಕೆ ಬೆಕ್ಕು ಪರಚುವ ಕಂಬ ತಂದಿಟ್ಟರೆ ನೆರೆಯವರು ಕೇಳುವ ಮೊದಲ ಪ್ರಶ್ನೆ ಹೀಗಿರುತ್ತದೆ: “ಎಂತಕ್ಕೆ ಮಾರಾಯ್ರೆ, ಹಿತ್ತಿಲಲ್ಲಿ ಹಲಸಿನ ಮರ ಉಂಟಲ್ಲ?” ನ್ಯಾಯವಾದ ಪ್ರಶ್ನೆಯೇ. ಕೊರ್ಡೆಲ್ ಚರ್ಚಿನ ಆಸುಪಾಸಿನ ಹಳೆಯ ಮನೆಗಳಿಗೆ ಇವತ್ತಿಗೂ ಸ್ವಲ್ಪ ಹಿತ್ತಿಲು ಉಳಿದಿದೆ. ಹಿತ್ತಿಲೆಂದ ಮೇಲೆ ಒಂದು ಹಲಸು, ಒಂದು ಪೇರಳೆ, ಎರಡು ತೆಂಗು, ಮೂಲೆಯಲ್ಲೊಂದು ನುಗ್ಗೆ ಇದ್ದೇ ಇರುತ್ತದೆ. ಆದರೆ ಅದೇ ರಸ್ತೆಯ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಅಲ್ಲಿ ಬೆಕ್ಕಿನ ಪಾಲಿಗೆ ಮರವೆಂದರೆ ಸೋಫಾ, ಮಂಚದ ಹಾಸಿಗೆಯ ಅಂಚು, ಇಲ್ಲವೇ ಬಾಗಿಲ ದಾರಂದ. ಒಂದೇ ಊರಿನ ಈ ಎರಡು ಬಗೆಯ ಮನೆಗಳಿಂದ ಎರಡು ವಾದಗಳು ಹುಟ್ಟಿವೆ. ಎರಡರಲ್ಲೂ ಹುರುಳಿದೆ.

ಬೆಕ್ಕು ಪರಚುವುದು ಹಠಕ್ಕಲ್ಲ, ನಮ್ಮ ಮೇಲಿನ ಸಿಟ್ಟಿಗೂ ಅಲ್ಲ. ಅದರ ಉಗುರು ಪದರ ಪದರವಾಗಿ ಬೆಳೆಯುತ್ತದೆ. ಸವೆದ ಹೊರಪದರ ಕಳಚಿ ಬಿದ್ದರೆ ಒಳಗಿನ ಹರಿತವಾದ ಉಗುರು ಹೊರಬರುತ್ತದೆ. ಬೆಕ್ಕು ದಿನವೂ ಪರಚುವ ಜಾಗವನ್ನು ಗುಡಿಸಿದರೆ ಈರುಳ್ಳಿ ಸಿಪ್ಪೆಯಂಥ ತೆಳ್ಳಗಿನ, ಬಾಗಿದ ಚೂರುಗಳು ಸಿಗುತ್ತವೆ. ಉಗುರೇ ಮುರಿದುಹೋಯಿತೆಂದು ಹೊಸದಾಗಿ ಬೆಕ್ಕು ಸಾಕಿದವರು ಗಾಬರಿಯಾಗುವುದುಂಟು, ಗಾಬರಿ ಬೇಕಿಲ್ಲ. ನಿದ್ದೆಯಿಂದ ಎದ್ದ ಬೆಕ್ಕು ಮುಂಗಾಲುಗಳನ್ನು ಮೇಲಕ್ಕೆ ಚಾಚಿ, ಉಗುರು ನೆಟ್ಟು, ಹಿಂದಕ್ಕೆ ಜಗ್ಗುವಾಗ ಹೆಗಲಿಂದ ಬಾಲದ ಬುಡದವರೆಗೆ ಮೈ ಪೂರಾ ಸಡಿಲವಾಗುತ್ತದೆ. ಪಾದದ ಬೆರಳ ಸಂದಿಯ ಗ್ರಂಥಿಗಳಿಂದ ಅದರದೇ ವಾಸನೆ ಆ ಜಾಗಕ್ಕೆ ಅಂಟುತ್ತದೆ. ಇದು ನನ್ನ ಜಾಗ ಎಂದು ಗೀರೂ ಹೇಳುತ್ತದೆ, ವಾಸನೆಯೂ ಹೇಳುತ್ತದೆ. ನಾಗರಹೊಳೆಯ ಹುಲಿ ಕಾಡಿನ ಮರದ ಮೇಲೆ ಮಾಡುವುದೂ ಇದನ್ನೇ. ಆದ್ದರಿಂದ ಪರಚುವುದನ್ನು ಬಿಡಿಸುತ್ತೇನೆ ಎಂದು ಹೊರಡುವುದರಲ್ಲಿ ಅರ್ಥವಿಲ್ಲ. ಎಲ್ಲಿ ಪರಚಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಮರ ಸಾಕು ಎನ್ನುವವರ ಮಾತನ್ನು ಮೊದಲು ಪೂರ್ತಿ ಕೇಳಬೇಕು. ಬೆಕ್ಕು ತಾನಾಗಿ ಆರಿಸುವ ಜಾಗಕ್ಕೆ ಇರಬೇಕಾದ ಗುಣಗಳೆಲ್ಲ ಮರಕ್ಕಿವೆ. ಅದು ಅಲ್ಲಾಡುವುದಿಲ್ಲ, ಎತ್ತರಕ್ಕೆ ಕೊರತೆಯಿಲ್ಲ, ತೊಗಟೆ ಉಗುರಿಗೆ ಸಿಗುತ್ತದೆ. ನುಗ್ಗೆಯ ಮೆತ್ತನೆಯ ತೊಗಟೆಯಂತೂ ಹೇಳಿ ಮಾಡಿಸಿದ ಹಾಗೆ. ಖರ್ಚೂ ಇಲ್ಲ. ಇನ್ನೊಂದು ಕಡೆ, ಅಂಗಡಿಯಲ್ಲಿ ಮಾರುವ ಕಂಬಗಳಲ್ಲಿ ಬಹಳಷ್ಟು ಮೊಣಕಾಲೆತ್ತರವೂ ಇರುವುದಿಲ್ಲ, ತಳ ಹಗುರ. ಬೆಕ್ಕು ಒಮ್ಮೆ ಜಗ್ಗಿದಾಗ ಕಂಬ ಅದರ ಮೈಮೇಲೆಯೇ ಬಿದ್ದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಸಾವಿರಾರು ರೂಪಾಯಿಯ ವಸ್ತು ಅಟ್ಟ ಸೇರುತ್ತದೆ. ಅಂಥ ಮನೆಯವರು “ಬೆಕ್ಕು ಕಂಬ ಮುಟ್ಟುವುದೇ ಇಲ್ಲ” ಎಂದರೆ ತಪ್ಪು ಬೆಕ್ಕಿನದಲ್ಲ, ಆ ಕಂಬದ್ದು.

ಆದರೆ ಈ ವಾದಕ್ಕೆ ಕುಲಶೇಖರದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ರಸ್ತೆ. ಮೂಡುಬಿದಿರೆ, ಕಾರ್ಕಳದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಊರಿನ ನಡುವೆಯೇ ಹಾದುಹೋಗುತ್ತದೆ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಅದನ್ನು ನಾಲ್ಕು ಪಥಕ್ಕೆ ಅಗಲಗೊಳಿಸುವ ಯೋಜನೆ ಬಂದ ಮೇಲೆ ರಸ್ತೆ ದಾಟುವುದು ಮನುಷ್ಯರಿಗೇ ಕಷ್ಟ. ಹಿತ್ತಿಲಿನ ಮರದವರೆಗೆ ಹೋದ ಬೆಕ್ಕು ಅಲ್ಲಿಗೇ ನಿಲ್ಲುತ್ತದೆ ಎನ್ನುವ ಖಾತರಿ ಯಾರಿಗೂ ಇಲ್ಲ. ಪಕ್ಕದ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟಿನ ಪ್ರಾಣಿ ಆಶ್ರಯಧಾಮವಿದೆ. ಇಂಥ ಒಂದು ತಾಣ ಊರಿಗೆ ಬೇಕಾಗಿದೆ ಎಂಬುದೇ ಬೀದಿಯಲ್ಲಿ ಪ್ರಾಣಿಗಳ ಪಾಡು ಹೇಗಿದೆ ಎಂಬುದನ್ನು ಹೇಳುತ್ತದೆ.

ಎರಡನೆಯದು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಂಗಳೂರಿನ ಮರಗಳ ಕಾಂಡ ಒಣಗುವುದೇ ಅಪರೂಪ, ಮೇಲೆ ಪಾಚಿ ಬೇರೆ. ಹಸಿ ತೊಗಟೆಗೆ ಉಗುರು ಹಾಕಲು ಬೆಕ್ಕಿಗೆ ಇಷ್ಟವಿರಲಿ, ಇಲ್ಲದಿರಲಿ, ಧಾರಾಕಾರ ಮಳೆಯಲ್ಲಿ ಅದು ಅಂಗಳಕ್ಕೆ ಇಳಿಯುವುದಿಲ್ಲ. ಬೇಸಗೆಯಲ್ಲಿ ಸೋಫಾ ಮುಟ್ಟದ ಬೆಕ್ಕು ಆಟಿಯ ಮಳೆಯಲ್ಲಿ ಸೋಫಾ ಹರಿಯುವುದು ಇದೇ ಕಾರಣಕ್ಕೆ. ನಾಲ್ಕು ತಿಂಗಳ ಅಭ್ಯಾಸ ಮಳೆ ನಿಂತ ಮೇಲೂ ಬಿಡುವುದಿಲ್ಲ. ಮರದ ಪರ ವಾದಿಸುವವರು ಈ ನಾಲ್ಕು ತಿಂಗಳಿಗೆ ಲೆಕ್ಕ ಕೊಡುವುದಿಲ್ಲ ಎನ್ನುವುದು ನನ್ನ ತಕರಾರು.

ಇನ್ನು ಕಂಬದ ಪಕ್ಷ. ಕಂಬ ತಂದವರಲ್ಲಿಯೂ ಒಮ್ಮತವಿಲ್ಲ. ಬೆಕ್ಕಿಗೆ ಕಲಿಸಬೇಕು ಎನ್ನುವವರಿದ್ದಾರೆ, ಸುಮ್ಮನೆ ಇಟ್ಟುಬಿಡಿ, ಬೇಕಾದಾಗ ಅದೇ ಬರುತ್ತದೆ ಎನ್ನುವವರೂ ಇದ್ದಾರೆ. ಕಲಿಸುವವರು ಸಾಮಾನ್ಯವಾಗಿ ಮಾಡುವುದು ಬೆಕ್ಕನ್ನು ಎತ್ತಿ ತಂದು, ಮುಂಗಾಲು ಹಿಡಿದು, ಕಂಬದ ಮೇಲೆ ಉಜ್ಜಿಸುವುದು. ಉದ್ದೇಶ ಒಳ್ಳೆಯದೇ. ಪಾದದ ವಾಸನೆ ಕಂಬಕ್ಕೆ ತಗಲಲಿ ಎಂಬ ಲೆಕ್ಕವೂ ತಪ್ಪಲ್ಲ. ಆದರೆ ಕಾಲು ಹಿಡಿಸಿಕೊಳ್ಳುವುದು ಹೆಚ್ಚಿನ ಬೆಕ್ಕುಗಳಿಗೆ ಆಗದ ಸಂಗತಿ. ಆ ಹಿಂಸೆಯ ನೆನಪು ಕಂಬದ ಜೊತೆ ಸೇರಿಕೊಂಡರೆ ಬೆಕ್ಕು ಕಂಬವನ್ನು ಸುತ್ತುಹಾಕಿಕೊಂಡು ಹೋಗಲು ಕಲಿಯುತ್ತದೆ. ಸೋಫಾ ಪರಚಿದಾಗ ನೀರು ಚಿಮುಕಿಸುವುದೂ, ಗದರುವುದೂ ಅಷ್ಟೇ. ನಾವು ಎದುರಿಗಿಲ್ಲದಾಗ ಪರಚಬೇಕು ಎಂಬ ಪಾಠ ಮಾತ್ರ ಅದಕ್ಕೆ ತಲುಪುತ್ತದೆ.

ಹಾಗೆಂದು ಸುಮ್ಮನೆ ಬಿಟ್ಟುಬಿಡಿ ಎನ್ನುವವರ ಮಾತೂ ಪೂರ್ತಿ ಸರಿಯಲ್ಲ. ಹೊಸ ಕಂಬಕ್ಕೆ ಬೆಕ್ಕಿನ ವಾಸನೆಯಿಲ್ಲ. ಅಂಗಡಿಯ ಗೋಂದಿನ ವಾಸನೆಯಿದೆ, ಪ್ಲಾಸ್ಟಿಕ್ಕಿನ ವಾಸನೆಯಿದೆ. ಸೋಫಾದಲ್ಲಿ ವರ್ಷಗಳ ಗುರುತಿದೆ. ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ಬೆಕ್ಕಿನ ಆಯ್ಕೆಗೆ ಬಿಟ್ಟರೆ ಸೋಫಾವೇ ಗೆಲ್ಲುತ್ತದೆ. ಬೆಕ್ಕು ಮಲಗುವ ಬಟ್ಟೆಯಿಂದ ಕಂಬವನ್ನು ಚೆನ್ನಾಗಿ ಒರೆಸಿ, ಸೋಫಾದಲ್ಲಿ ಅದು ಪರಚುವ ಮೂಲೆಗೆ ದಪ್ಪ ಬೆಡ್‌ಶೀಟ್ ಬಿಗಿಯಾಗಿ ಹೊದಿಸಿ, ಕಂಬವನ್ನು ಆ ಮೂಲೆಗೇ ಆನಿಸಿ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಬೆಕ್ಕು ತಾನಾಗಿ ಕಂಬಕ್ಕೆ ಉಗುರು ಹಾಕಿದ ಆ ಕ್ಷಣದಲ್ಲೇ ಒಂದು ಚೂರು ಬೇಯಿಸಿದ ಬೂತಾಯಿಯೋ ಬಂಗುಡೆಯೋ ಕೊಟ್ಟರೆ ಅದು ಮರೆಯುವುದಿಲ್ಲ. ಐದು ನಿಮಿಷ ಬಿಟ್ಟು ಕೊಟ್ಟರೆ ಪ್ರಯೋಜನವಿಲ್ಲ. ನಂದಿನಿಯ ಡೇರಿ ಕುಲಶೇಖರದಲ್ಲೇ ಇರುವುದರಿಂದ ಹಾಲಿಗೆ ಇಲ್ಲಿ ಬರವಿಲ್ಲ. ಆದರೂ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದಿಲ್ಲ, ಬಹುಮಾನಕ್ಕೆ ಮೀನೇ ಆಗಲಿ.

ಆಸೆ ಹುಟ್ಟಿಸಲು ಕ್ಯಾಟ್‌ನಿಪ್ ಎಂಬ ಗಿಡದ ಪುಡಿಯನ್ನು ಕಂಬಕ್ಕೆ ಉಜ್ಜುವುದು ಇನ್ನೊಂದು ರೂಢಿ. ನಮ್ಮ ನೆಲದಲ್ಲಿ ಅದರ ಕೆಲಸವನ್ನು ಕುಪ್ಪಿಗಿಡ ಮಾಡುತ್ತದೆ. ಮಳೆಗಾಲದಲ್ಲಿ ಬೇಲಿಯ ಬುಡದಲ್ಲಿ, ಚರಂಡಿಯ ಅಂಚಿನಲ್ಲಿ ತಾನಾಗಿ ಏಳುವ ಕಳೆ ಅದು. ಎಲೆಗೆ ಬೆಕ್ಕು ತಿರುಗಿಯೂ ನೋಡುವುದಿಲ್ಲ. ಬೇರು ಸಹಿತ ಕಿತ್ತಾಗ ಮಾತ್ರ ಎಲ್ಲಿದ್ದರೂ ಓಡಿಬಂದು, ಬೇರಿಗೆ ಕೆನ್ನೆ ಉಜ್ಜಿ, ನೆಲದಲ್ಲಿ ಹೊರಳಾಡುತ್ತದೆ. ಇದು ಅಮಲು, ಪ್ರಾಣಿಗೆ ಯಾಕೆ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಮೃದು ಮನಸ್ಸಿನದು, ನನಗೆ ಗೌರವವಿದೆ. ಆದರೆ ಕ್ಯಾಟ್‌ನಿಪ್ಪಿನ ಪರಿಣಾಮ ಕೆಲವೇ ನಿಮಿಷಗಳದ್ದು, ಚಟ ಹತ್ತುವಂಥದ್ದಲ್ಲ. ಸುಮಾರು ಮೂರರಲ್ಲಿ ಒಂದು ಬೆಕ್ಕಿಗೆ ಅದು ಹುಟ್ಟಿನಿಂದಲೇ ತಾಗುವುದಿಲ್ಲ, ಎಳೆಯ ಮರಿಗಳಿಗಂತೂ ಇಲ್ಲವೇ ಇಲ್ಲ. ನನ್ನ ಅನುಮಾನ ಬೇರೆ. ಈ ವಾಸನೆಗಳು ಬೆಕ್ಕನ್ನು ಕಂಬದ ಹತ್ತಿರ ತರುತ್ತವೆ, ಹೊರಳಾಡಿಸುತ್ತವೆ. ಪರಚಿಸಿಯೇ ತೀರುತ್ತವೆ ಎನ್ನಲಾಗದು. ಮೊದಲ ಪರಿಚಯಕ್ಕೆ ಅವು ಸಾಕು, ಆಮೇಲೆ ಕಂಬ ತನ್ನ ಗುಣದಿಂದಲೇ ಬೆಕ್ಕನ್ನು ಉಳಿಸಿಕೊಳ್ಳಬೇಕು.

ಆ ಗುಣ ಯಾವುದು ಎಂಬಲ್ಲಿಗೆ ಹಗ್ಗದ ವಿಚಾರ ಬರುತ್ತದೆ. ಬೆಕ್ಕು ಸಾಕಿದವರನ್ನೇ ಕೇಳಿ ನಡೆಸಿದ ಒಂದು ದೊಡ್ಡ ಸಮೀಕ್ಷೆ 2016ರಲ್ಲಿ ಬೆಕ್ಕುಗಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹಗ್ಗ ಸುತ್ತಿದ, ನೆಟ್ಟಗೆ ನಿಂತ, ಮೂರಡಿಗೆ ಕಡಿಮೆಯಿಲ್ಲದ ಕಂಬವನ್ನು ಬೆಕ್ಕುಗಳು ಹೆಚ್ಚು ಬಳಸುತ್ತವೆ ಎಂದು ಅದರಲ್ಲಿ ಕಂಡಿತು. ಸಾಕಿದವರ ಮಾತನ್ನು ನಂಬಿ ಮಾಡಿದ ಲೆಕ್ಕವಾದರೂ ಮೂರಡಿ ಎಂಬ ಅಳತೆಗೆ ಕಾರಣ ಸರಳ. ಹಿಂಗಾಲಲ್ಲಿ ನಿಂತು ಮೈ ಚಾಚಿದ ಬೆಕ್ಕಿಗೆ ಅಷ್ಟು ಎತ್ತರ ಬೇಕು. ಪೇಟೆಯ ಕಂಬಗಳಿಗೆ ಸಾಮಾನ್ಯವಾಗಿ ಸುತ್ತುವುದು ಸಿಸಾಲ್, ಅಂದರೆ ಕತ್ತಾಳೆ ಜಾತಿಯ ಗಿಡದ ನಾರು. ನಮ್ಮ ಕೈಗೆ ಸಿಗುವುದು ತೆಂಗಿನ ನಾರಿನ ಹುರಿಹಗ್ಗ. ಸಿಸಾಲ್ ಉಗುರಿಗೆ ಹಿತ, ಎಳೆ ಎಳೆಯಾಗಿ ಹರಿಯುತ್ತದೆ, ಬೆಕ್ಕಿಗೆ ಬೇಕಾದದ್ದೂ ಅದೇ. ಹುರಿಹಗ್ಗ ಒರಟು, ಪುಡಿ ಉದುರಿಸುತ್ತದೆ, ಕೆಲವು ಬೆಕ್ಕುಗಳು ಒಪ್ಪುವುದಿಲ್ಲ. ಆದರೆ ತೇವಕ್ಕೆ ಅದರಷ್ಟು ಗಟ್ಟಿ ನಾರು ಇನ್ನೊಂದಿಲ್ಲ. ಮಂಗಳೂರಿನ ಜುಲೈಯಲ್ಲಿ ರಟ್ಟಿನ ಪರಚುಮಣೆ ಮೆತ್ತಗಾಗಿ ಹೋಗುತ್ತದೆ, ಸಿಸಾಲಿಗೂ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದ ಕಂಬ ಬೆಕ್ಕಿಗೂ ಒಳ್ಳೆಯದಲ್ಲ, ಮನೆಯವರ ಉಸಿರಿಗೂ ಒಳ್ಳೆಯದಲ್ಲ. ಹಾಗಾಗಿ ಈ ಊರಿನ ಮಟ್ಟಿಗೆ ನನ್ನ ಒಲವು ಹುರಿಹಗ್ಗದ ಕಡೆ. ಬೆಕ್ಕು ಒಪ್ಪದಿದ್ದರೆ ಅದರ ಮೇಲೆ ಹಳೆಯ ಗೋಣಿಚೀಲವನ್ನು ಬಿಗಿಯಾಗಿ ಸುತ್ತಿ ನೋಡಬಹುದು. ಸೆಣಬಿನ ನೇಯ್ಗೆಗೆ ಉಗುರು ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ.

ಮನೆಯಲ್ಲೇ ಮಾಡುವವರಿಗೆ ಒಂದು ಲೆಕ್ಕ. ಅಂಗೈ ಅಗಲದ, ಅಂದರೆ ಸುಮಾರು ಹತ್ತು ಸೆಂಟಿಮೀಟರ್ ಅಡ್ಡಳತೆಯ ಮರದ ತುಂಡಿಗೆ ಬೆರಳು ಗಾತ್ರದ ಹಗ್ಗವನ್ನು ಮೂರಡಿ ಎತ್ತರಕ್ಕೆ ಸಂದು ಬಿಡದೆ ಸುತ್ತಲು ಸುಮಾರು 30 ಮೀಟರ್ ಬೇಕು. ಗೋಂದು ಹಚ್ಚಬೇಡಿ, ಅದರ ಘಾಟಿಗೆ ಬೆಕ್ಕು ಹತ್ತಿರ ಬಾರದು. ಎರಡು ತುದಿಯಲ್ಲಿ ಮಾತ್ರ ಮೊಳೆ ಹೊಡೆದು, ತಲೆ ಒಳಗೆ ಹೂತುಹೋಗುವಂತೆ ಮಾಡಿ. ತಳಕ್ಕೆ ದಪ್ಪ ಹಲಗೆ, ಹಲಗೆಯ ಮೇಲೆ ಮುರಕಲ್ಲಿನ ತುಂಡು. ಕಂಬವನ್ನು ಕೈಯಲ್ಲಿ ಜೋರಾಗಿ ಜಗ್ಗಿದರೂ ಅಲ್ಲಾಡಬಾರದು.

ಕಂಬ ಎಲ್ಲಿಡಬೇಕು ಎಂಬಲ್ಲಿ ಮನೆಯವರ ಮತ್ತು ಬೆಕ್ಕಿನ ಇಷ್ಟ ಬೇರೆಯಾಗುತ್ತದೆ. ಬಂದವರ ಕಣ್ಣಿಗೆ ಬೀಳದ ಹಾಗೆ ಯುಟಿಲಿಟಿಯಲ್ಲೋ ಬಾಲ್ಕನಿಯ ಮೂಲೆಯಲ್ಲೋ ಇಡೋಣ ಎನ್ನುತ್ತಾರೆ. ಚಿಕ್ಕ ಫ್ಲ್ಯಾಟಿನಲ್ಲಿ ಜಾಗದ ಅಭಾವ ನಿಜ, ಹಾಲಿನ ನಡುವೆ ಹಗ್ಗದ ಕಂಬ ಚಂದ ಕಾಣದು ಎಂಬುದೂ ನಿಜ. ಆದರೆ ಗುರುತು ಹಾಕುವ ಪ್ರಾಣಿ ಯಾರೂ ಓಡಾಡದ ಮೂಲೆಯಲ್ಲಿ ಗುರುತು ಹಾಕುವುದಿಲ್ಲ. ಮೊದಲು ಅದು ಬಯಸುವಲ್ಲೇ ಇಡಿ. ಬಳಕೆ ನೆಲೆಯೂರಿದ ಮೇಲೆ ದಿನಕ್ಕೆ ಅಂಗುಲದಂತೆ ಸರಿಸುತ್ತ ನಿಮಗೆ ಬೇಕಾದ ಕಡೆಗೆ ಒಯ್ಯಬಹುದು. ಹಳೆಯ ಕಂಬವೊಂದು ಹರಿದು ಚಿಂದಿಯಾಗಿದ್ದರೆ ಹೊಸದು ತಂದ ದಿನವೇ ಅದನ್ನು ಎಸೆಯಬೇಡಿ. ಹೊಸದರ ಪಕ್ಕದಲ್ಲೇ ಇರಲಿ, ಬೆಕ್ಕು ಹೊಸದಕ್ಕೆ ಒಗ್ಗಿದ ಮೇಲೆ ಹಳೆಯದು ಹೋಗಲಿ.

ಉಗುರನ್ನೇ ತೆಗೆಸಿಬಿಟ್ಟರೆ ಎಂದು ಕೇಳುವವರೂ ಇದ್ದಾರೆ. ಉಳಿದೆಲ್ಲದಕ್ಕೂ ಎರಡು ಮಗ್ಗುಲಿದೆ, ಇದಕ್ಕಿಲ್ಲ. ಆ ಶಸ್ತ್ರಚಿಕಿತ್ಸೆಯಲ್ಲಿ ಹೋಗುವುದು ಉಗುರೊಂದೇ ಅಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯೂ ಹೋಗುತ್ತದೆ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿತು. ಎರಡು ಮೂರು ವಾರಕ್ಕೊಮ್ಮೆ ಉಗುರಿನ ಪಾರದರ್ಶಕ ತುದಿಯನ್ನಷ್ಟೇ, ಒಳಗಿನ ಗುಲಾಬಿ ಭಾಗಕ್ಕೆ ತಾಗದಂತೆ ಕತ್ತರಿಸಿದರೆ ಗೀರಿನ ಆಳ ಕಡಿಮೆಯಾಗುತ್ತದೆ.

ನನ್ನ ತೀರ್ಮಾನ ಇಷ್ಟು. ಹಿತ್ತಿಲಿರುವ ಮನೆಗೆ ಮರವೂ ಇರಲಿ, ಒಳಗೆ ಬೆಕ್ಕು ಮಲಗುವಲ್ಲಿ ಒಂದು ಕಂಬವೂ ಇರಲಿ. ಫ್ಲ್ಯಾಟಿನಲ್ಲಿ ಕಂಬ ಬೇಕೇ ಎಂಬ ಪ್ರಶ್ನೆಯೇ ಏಳದು. ಎರಡಿದ್ದರೆ ಇನ್ನೂ ಒಳ್ಳೆಯದು, ಒಂದು ಸೋಫಾದ ಪಕ್ಕ, ಇನ್ನೊಂದು ಮಲಗುವ ಜಾಗದ ಪಕ್ಕ. ಇಷ್ಟೆಲ್ಲ ಮಾಡಿಯೂ ಬೆಕ್ಕು ಒಂದು ಹಳೆಯ ಬೆತ್ತದ ಕುರ್ಚಿಯನ್ನೇ ಹಿಡಿದುಕೊಂಡರೆ ಆ ಕುರ್ಚಿಯನ್ನು ಅದಕ್ಕೆ ಬಿಟ್ಟುಕೊಡಿ. ಕಂಬ ಮಾಡುವವರು ಮೇ ತಿಂಗಳಲ್ಲೇ ಮಾಡಿ ನಿಲ್ಲಿಸಿ. ಮಳೆ ಹಿಡಿದು ಬೆಕ್ಕು ಒಳಸೇರುವ ಹೊತ್ತಿಗೆ ಅದರ ವಾಸನೆ ಕಂಬಕ್ಕೆ ಹತ್ತಿರಬೇಕು. ಮಳೆ ಬಿಟ್ಟು ಬಿಸಿಲು ಕಂಡ ದಿನ ಕಂಬವನ್ನು ಅಂಗಳಕ್ಕೆ ತಂದು ಒಣಗಿಸಿ, ಸಂಜೆ ಅದೇ ಜಾಗದಲ್ಲಿಡಿ.