ಮೊದಲು ಬೆರಳು, ಬಳಿಕ ಕೀಲಿಮಣೆ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ವಿದ್ಯಾರ್ಥಿಗಳು ಗಣಕಕ್ಕೆ ಯಾಂತ್ರಿಕ ಕೀಲಿಮಣೆಯನ್ನು ಕೊಳ್ಳಬೇಕೇ ಎಂದು ನಮ್ಮನ್ನು ಕೇಳುವುದುಂಟು. ತೊಗರಿ ಮಾರಿದ ಹಣದಲ್ಲಿಯೇ ಕಾಲೇಜಿನ ವೆಚ್ಚವನ್ನೂ ತೂಗಿಸುವ ಮನೆಗಳಲ್ಲಿ ಇದು ಅಲ್ಪ ಪ್ರಶ್ನೆಯಲ್ಲ.

ಸಾಮಾನ್ಯ ಕೀಲಿಮಣೆಯಲ್ಲಿ ಕೀಲಿಗಳ ಕೆಳಗೆ ರಬ್ಬರಿನ ಹಾಳೆಯಿರುತ್ತದೆ. ಕೀಲಿಯನ್ನು ಹೆಚ್ಚುಕಡಿಮೆ ತಳಮುಟ್ಟ ಒತ್ತಬೇಕು. ಯಾಂತ್ರಿಕ ಕೀಲಿಮಣೆಯಲ್ಲಾದರೋ ಪ್ರತಿಯೊಂದು ಕೀಲಿಗೂ ತನ್ನದೇ ಸ್ಪ್ರಿಂಗು, ತನ್ನದೇ ಸ್ವಿಚ್ಚು. ಪ್ರಚಲಿತವಾದ ಒಂದು ಬಗೆಯಲ್ಲಿ ಸುಮಾರು 45 ಗ್ರಾಂ ಭಾರದಷ್ಟು ಬಲದಿಂದ ಕೀಲಿಯು 2 ಮಿ.ಮೀ. ಇಳಿಯುತ್ತಲೇ ಅಕ್ಷರ ಮೂಡುತ್ತದೆ. ಇದು ಬೆರಳಿಗೆ ಹಿತವೆಂಬುದು ನಿಜ.

ಬಾಳಿಕೆಯ ಮಾತೇನು? ಯಾಂತ್ರಿಕ ಸ್ವಿಚ್ಚಿಗೆ ತಯಾರಕರು 5 ಕೋಟಿ ಒತ್ತುಗಳ ಆಯುಷ್ಯವನ್ನು ಹೇಳುವರು. ರಬ್ಬರಿನದಕ್ಕೆ 50 ಲಕ್ಷವೆಂದೇ ಇಟ್ಟುಕೊಳ್ಳೋಣ. ಒಂದು ಕೀಲಿಯನ್ನು ದಿನಕ್ಕೆ 1,000 ಸಲ ಒತ್ತಿದರೂ ಅದು ಸುಮಾರು 137 ವರ್ಷ, ಇದು 13 ವರ್ಷಕ್ಕೂ ಮಿಗಿಲು! ವಿದ್ಯಾರ್ಥಿದೆಸೆಗೆ ಎರಡನೆಯದೇ ಧಾರಾಳವಾಯಿತು.

ಇನ್ನು ಕನ್ನಡ ಬರೆಹ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ‘ಕ್ಕ’ ಎಂದು ಬರೆಯಲು ಕೆ, ಎಫ್, ಕೆ ಎಂಬ ಮೂರು ಕೀಲಿಗಳನ್ನು ಕ್ರಮವಾಗಿ ಒತ್ತಬೇಕು. ಮಣೆ ಯಾವುದಾದರೂ ಕ್ರಮ ಇದೇ. ಇದನ್ನು ಅರಿಯಬೇಕಾದದ್ದು ಬೆರಳು, ಸ್ವಿಚ್ಚಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಇರುವ ಮಣೆಯ ಮೇಲೆಯೇ ನಿತ್ಯವೂ ಅರ್ಧ ಗಂಟೆ, ಕೀಲಿಗಳನ್ನು ನೋಡದೆ, ಬರೆದು ಕಲಿಯಿರಿ. ದಿನವಿಡೀ ಬೆರಳಚ್ಚಿನಿಂದಲೇ ಅನ್ನ ಸಂಪಾದಿಸುವವರು ಯಾಂತ್ರಿಕ ಮಣೆಯನ್ನು ಕೊಂಡರೆ ಅದು ದುಂದಲ್ಲ. ಕೆಟ್ಟ ಸ್ವಿಚ್ಚೊಂದನ್ನೇ ಕಿತ್ತು ಬದಲಿಸಬಹುದಾದುದನ್ನು ಆರಿಸಲಿ, ಎರೆಮಣ್ಣಿನ ಧೂಳು ಸೇರದಂತೆ ಬಟ್ಟೆ ಹೊದಿಸಿಡಲಿ. ಉಳಿದವರು ಆ ಹಣದಿಂದ ಪುಸ್ತಕಗಳನ್ನು ಕೊಳ್ಳುವುದೇ ಲೇಸು.